ಕತ್ತಿ ಕಲಿಯುವ ಹುಡುಗಿಯ ಕಾದಂಬರಿ: ತಾಲೀಮಿನ ಅಧ್ಯಾಯಗಳನ್ನು ಬರೆಯುವ ಕ್ರಮ

ಓದಿ ನೋಡಿ ಅಂತ ನನ್ನ ಕೈಗೆ ಬರುವ ಫ್ಯಾಂಟಸಿ ಹಸ್ತಪ್ರತಿಗಳಲ್ಲಿ ಗಾಡಿ ಕೆಟ್ಟು ನಿಲ್ಲುವುದು ಯಾವಾಗಲೂ ಒಂದೇ ಜಾಗದಲ್ಲಿ. ಹುಡುಗಿಯ ಊರು ಚೆನ್ನಾಗಿ ಬಂದಿರುತ್ತದೆ. ಊರಿಗೆ ಬೆಂಕಿ ಬಿದ್ದದ್ದೂ ಬಂದಿರುತ್ತದೆ. ಕಾಡಿನಲ್ಲಿ ಗುರು ಸಿಕ್ಕಿದ್ದೂ ಆಯಿತು. ಆಮೇಲೆ ಒಂದು ಸಾಲು: "ಆರು ತಿಂಗಳು ಕಳೆದವು." ಏಳನೇ ತಿಂಗಳಿಗೆ ಅವಳು ಹತ್ತು ಸೈನಿಕರನ್ನು ಒಬ್ಬಳೇ ಮಲಗಿಸುತ್ತಾಳೆ.

ಅವಳು ಏನು ಕಲಿತಳು, ಹೇಗೆ ಕಲಿತಳು ಅನ್ನುವುದೇ ಕಾದಂಬರಿ ಅಲ್ವಾ? ಅದನ್ನೇ ಹಾರಿಸಿಬಿಟ್ಟರೆ ಓದುಗ ಯಾಕೆ ನಂಬಬೇಕು? ಇನ್ನು ಕೆಲವರು ಹಾರಿಸುವುದಿಲ್ಲ, ಬದಲಿಗೆ ಎಂಬತ್ತು ಪುಟ ವರಸೆಗಳ ಪಟ್ಟಿ ಕೊಡುತ್ತಾರೆ. ಅದೂ ಓದಿಸಿಕೊಳ್ಳುವುದಿಲ್ಲ. ಇವರಲ್ಲಿ ಯಾರಿಗೂ ಭಾಷೆ ಬರುವುದಿಲ್ಲ ಅಂತಲ್ಲ. ಯಾವುದನ್ನು ಮೊದಲು ಮಾಡಬೇಕೋ ಅದನ್ನು ಕೊನೆಗೆ ಇಟ್ಟುಕೊಂಡಿರುತ್ತಾರೆ, ಅಷ್ಟೇ.

ನಿಮ್ಮ ಕಥೆಯ ಲೋಕ, ಅಲ್ಲಿನ ರಾಜರು, ಮಾಟಮಂತ್ರ ಎಲ್ಲ ಸಿದ್ಧವಾಗಿವೆ ಅಂತ ಇಟ್ಟುಕೊಂಡು ಮುಂದೆ ಹೋಗುತ್ತೇನೆ. ಉದಾಹರಣೆಗೆ ಒಬ್ಬಳು ಹುಡುಗಿ ಬೇಕು. ಹೆಸರು ಹೊನ್ನಿ, ವಯಸ್ಸು ಹದಿನೇಳು, ಹೊಳೆ ದಾಟಿಸುವ ಅಂಬಿಗರ ಮಗಳು.

ಮೊದಲು ಬೇಕಾದ ಸಾಮಾನು

ಮೂರು ಅಡಿ ಉದ್ದದ ಒಂದು ಕೋಲು. ಹಳೆಯ ನೆಲ ಒರೆಸುವ ಕೋಲನ್ನು ಕತ್ತರಿಸಿದರೂ ನಡೆಯುತ್ತದೆ. ಒಂದು ಕಿಲೋ ಅಕ್ಕಿ ಪೊಟ್ಟಣ. ಅಳತೆ ಟೇಪು. ಒಂದು ನೋಟ್‌ಬುಕ್. ವಿಡಿಯೋ ತೆಗೆಯಲು ಫೋನು. ಮತ್ತೆ, ನಿಮ್ಮನ್ನು ನೋಡಿ ಜಾಸ್ತಿ ನಗದ ಒಬ್ಬ ಗೆಳತಿ ಅಥವಾ ಗೆಳೆಯ.

ಜಾಗ ಬಯಲಲ್ಲಿರಲಿ. ನಾನು ಮೊದಲ ಸಲ ಕೋಲು ಬೀಸಿದ್ದು ನಮ್ಮ ಹಾಲ್‌ನಲ್ಲಿ. ಎರಡನೇ ಬೀಸಿಗೆ ಫ್ಯಾನಿನ ರೆಕ್ಕೆ ಬಗ್ಗಿತು. ಅಮ್ಮ ಅಡುಗೆಮನೆಯಿಂದಲೇ, "ಕಥೆ ಬರೀತೀನಿ ಅಂದವನು ಏನು ಮಾಡ್ತಿದೀಯೋ?" ಅಂದರು. ಆದರೆ ಒಳಮನೆಯಲ್ಲಿ ಕತ್ತಿ ಬೀಸುವ ದೃಶ್ಯಕ್ಕೆ ಸೂರು ಅಡ್ಡ ಬರುತ್ತದೆ ಅನ್ನುವುದು ನನಗೆ ಹೊಳೆದದ್ದೂ ಅವತ್ತೇ. ನಿಜವಾದ ಕತ್ತಿಯನ್ನು ಮಾತ್ರ ಮುಟ್ಟಲು ಹೋಗಬೇಡಿ. ಬರೆಯುವುದಕ್ಕೆ ಕೋಲು ಸಾಕು.

ಹಂತ 1: ಕೊನೆಯ ಕಾದಾಟವನ್ನು ಮೊದಲು ಬರೆಯಿರಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು, ಎಲ್ಲರೂ ಬಿಡುವುದೂ ಇದನ್ನೇ. ಅವಳು ಕೊನೆಗೆ ಯಾರೊಂದಿಗೆ, ಎಲ್ಲಿ, ಯಾವ ನೆಲದ ಮೇಲೆ ನಿಂತು ಕಾದುತ್ತಾಳೆ? ಗೆದ್ದರೆ ಯಾವ ಒಂದು ವಿದ್ಯೆಯಿಂದ ಗೆಲ್ಲುತ್ತಾಳೆ? ಎರಡು ಪುಟ ಬರೆಯಿರಿ. ಒರಟಾಗಿದ್ದರೂ ಪರವಾಗಿಲ್ಲ.

ಹೊನ್ನಿಯ ಕೊನೆಯ ಕಾದಾಟ ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತದೆ ಅಂದುಕೊಳ್ಳೋಣ. ಎದುರಾಳಿ ಅವಳಿಗಿಂತ ಎತ್ತರ, ಯಾವಾಗಲೂ ತಲೆಯ ಮೇಲಿಂದ ಕಡಿಯುವವನು. ನೀರಿನಲ್ಲಿ ಕಾಲು ಸರಾಗವಾಗಿ ಸರಿಯುವುದಿಲ್ಲ. ಅವನು ಕಾಲು ಎತ್ತಿ ಇಡುತ್ತಾನೆ, ಅವಳು ತಳದ ಮರಳಿನಲ್ಲಿ ಅಂಗಾಲು ಜಾರಿಸುತ್ತಾಳೆ. ಅವನ ಒಂದು ಕಾಲು ನೀರಿನಿಂದ ಮೇಲಿದ್ದ ಆ ಗಳಿಗೆಯಲ್ಲಿ ಅವಳು ಒಳಗೆ ನುಗ್ಗುತ್ತಾಳೆ.

ಈಗ ಅಲ್ಲಿಂದ ಹಿಂದಕ್ಕೆ ಬನ್ನಿ. ಅಂಗಾಲು ಜಾರಿಸಿ ನಡೆಯುವುದನ್ನು ಅವಳಿಗೆ ಯಾರೋ ಕಲಿಸಿರಬೇಕು. ಮೇಲಿನಿಂದ ಬರುವ ಏಟಿಗೆ ಅವಳು ಹಿಂದೊಮ್ಮೆ ಸೋತಿರಬೇಕು. ಎದುರಾಳಿಯ ಕೈ ಬಿಟ್ಟು ಕಾಲು ನೋಡುವ ಅಭ್ಯಾಸ ಎಲ್ಲಿಂದಲೋ ಬಂದಿರಬೇಕು. ಮೂರು ಪಾಠ ಸಿಕ್ಕಿತು. ತಾಲೀಮಿನ ಅಧ್ಯಾಯಗಳ ಬೆನ್ನುಮೂಳೆ ಇಷ್ಟೇ. ಉಳಿದ ವರಸೆಗಳೆಲ್ಲ ಒಂದೊಂದು ಸಾಲಿನಲ್ಲಿ ಹೋಗಲಿ.

ಕೊನೆಯ ಕಾದಾಟಕ್ಕೆ ಮೂರಕ್ಕಿಂತ ಜಾಸ್ತಿ ಪಾಠ ಬೇಕಾಗುತ್ತಿದೆಯಾ? ಹಾಗಾದರೆ ಕಾದಾಟವೇ ಗೊಂದಲವಾಗಿದೆ ಅಂತ ಅರ್ಥ. ಮೊದಲು ಅದನ್ನು ಸರಳ ಮಾಡಿಕೊಳ್ಳಿ.

ಹಂತ 2: ಒಂದೇ ಕತ್ತಿ ಆರಿಸಿ, ಅದಕ್ಕೆ ಅಂಟಿಕೊಳ್ಳಿ

ಬರೀ "ಕತ್ತಿ" ಅಂದರೆ ಸಾಲದು. ಉದ್ದ ಎಷ್ಟು, ನೇರವೋ ಬಾಗಿದ್ದೋ, ಒಂದು ಕಡೆ ಅಲಗೋ ಎರಡು ಕಡೆಯೋ, ಎಲ್ಲಿ ಸಿಕ್ಕಿಸಿಕೊಳ್ಳುತ್ತಾಳೆ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಮೂರನೇ ಅಧ್ಯಾಯದಲ್ಲಿ ನೇರ ಕತ್ತಿ, ಹತ್ತನೇ ಅಧ್ಯಾಯದಲ್ಲಿ ಬಾಗಿದ ಕತ್ತಿ ಆಗಿರುವ ಹಸ್ತಪ್ರತಿಗಳನ್ನು ನಾನು ನೋಡಿದ್ದೇನೆ.

ಕತ್ತಿಯ ಆಕಾರ ಮೈಯ ಚಲನೆಯನ್ನು ಬದಲಿಸುತ್ತದೆ. ತಲ್ವಾರ್ ಬಾಗಿದೆ. ಅದರ ಹಿಡಿಯ ತುದಿಯಲ್ಲಿ ಬಿಲ್ಲೆಯಂಥ ತಟ್ಟೆ ಇದೆ, ಅದು ಮಣಿಕಟ್ಟನ್ನು ಅಷ್ಟಾಗಿ ಬಾಗಲು ಬಿಡುವುದಿಲ್ಲ. ಹಾಗಾಗಿ ಬೀಸುವುದು ಭುಜದಿಂದ, ಕಡಿದ ಮೇಲೆ ಎಳೆದುಕೊಳ್ಳಬೇಕು. ಕೊಡಗಿನ ಒಡಿಕತ್ತಿ ಅಗಲ, ಒಳಮುಖವಾಗಿ ಬಾಗಿದ್ದು. ಅದನ್ನು ಒರೆಯಲ್ಲಿ ಇಡುವುದಿಲ್ಲ, ಸೊಂಟದ ಹಿಂದೆ ತೊಡಂಗ್ ಎಂಬ ಲೋಹದ ಕೊಕ್ಕೆಗೆ ಸಿಕ್ಕಿಸುತ್ತಾರೆ. ಕೇರಳದ ಉರುಮಿ ಬಳುಕುವ ಉದ್ದನೆ ಪಟ್ಟಿ. ಕಲಿಯುವವರಿಗೆ ಅದನ್ನು ಕೊಡುವುದೇ ಕೊನೆಗೆ, ಯಾಕೆಂದರೆ ಮೊದಲ ಏಟು ಬೀಸಿದವರಿಗೇ ಬೀಳುತ್ತದೆ. ಮೊದಲ ವಾರವೇ ಹುಡುಗಿಯ ಕೈಗೆ ಉರುಮಿ ಕೊಟ್ಟ ಒಂದು ಹಸ್ತಪ್ರತಿ ನನ್ನ ಮೇಜಿನ ಮೇಲಿತ್ತು. ಆ ಗುರುವಿಗೆ ಶಿಷ್ಯೆಯ ಮೇಲೆ ಏನು ಸಿಟ್ಟಿತ್ತೋ.

ತೂಕದ ವಿಷಯ. "ಹತ್ತು ಕಿಲೋ ಕತ್ತಿಯನ್ನು ಹೂವಿನಂತೆ ತಿರುಗಿಸಿದಳು" ಅಂತ ಬರೆಯಬೇಡಿ. ಒಂದು ಕೈಯಲ್ಲಿ ಹಿಡಿಯುವ ಕತ್ತಿ ಸಾಮಾನ್ಯವಾಗಿ 1 ಕಿಲೋ ಆಸುಪಾಸು ಇರುತ್ತದೆ. ಅಷ್ಟೇನಾ ಅನಿಸಿದರೆ ಅಕ್ಕಿ ಪೊಟ್ಟಣ ಹಿಡಿದು ಕೈಯನ್ನು ಭುಜದ ಮಟ್ಟಕ್ಕೆ ಚಾಚಿ. ಎಷ್ಟು ಉಸಿರಿನವರೆಗೆ ಹಿಡಿಯುತ್ತೀರಿ ಎಣಿಸಿ. ಮೊದಲು ರಟ್ಟೆ ಉರಿಯುತ್ತದಾ, ಭುಜ ಕಿವಿಯ ಕಡೆ ಏರುತ್ತದಾ, ಬೆರಳು ಸಡಿಲವಾಗುತ್ತದಾ? ಬರೆದುಕೊಳ್ಳಿ. ಕತ್ತಿಯ ತೂಕ ಮುಂದಕ್ಕೆ ಚಾಚಿಕೊಂಡಿರುವುದರಿಂದ ಪೊಟ್ಟಣಕ್ಕಿಂತ ಅದು ಇನ್ನೂ ಬೇಗ ಸುಸ್ತು ಮಾಡುತ್ತದೆ.

ಹಂತ 3: ಅವಳ ಮೈಗೆ ಈಗಾಗಲೇ ಏನು ಗೊತ್ತು?

ಹದಿನೇಳು ವರ್ಷದ ಮೈ ಖಾಲಿ ಹಲಗೆಯಲ್ಲ. ಕುಂಬಾರರ ಮಗಳಿಗೆ ಬೆರಳಿನ ಹಿಡಿತ ಗೊತ್ತು. ಕುರಿ ಕಾಯುವವಳಿಗೆ ದೂರದ ಅಂದಾಜು ಗೊತ್ತು. ಹುಟ್ಟು ಹಾಕಿ ಬೆಳೆದ ಹೊನ್ನಿಗೆ ಬೆನ್ನು ಗಟ್ಟಿ, ಅಲುಗಾಡುವ ಹಲಗೆಯ ಮೇಲೆ ನಿಲ್ಲುವುದು ಸಲೀಸು.

ಅದೇ ಹೊತ್ತಿಗೆ ಅವಳ ಮೈಯಲ್ಲಿ ತಪ್ಪು ಅಭ್ಯಾಸಗಳೂ ಇವೆ. ಹುಟ್ಟು ಹಾಕುವಾಗ ಎರಡು ಕೈ, ಎಳೆಯುವುದು ತನ್ನ ಕಡೆಗೆ. ಕತ್ತಿಗೆ ಒಂದು ಕೈ, ಚಾಚುವುದು ಮುಂದಕ್ಕೆ. ಅವಳ ಅಂಗೈಯಲ್ಲಿ ಹುಟ್ಟಿನ ಜಡ್ಡು ಇದೆ, ಆದರೆ ಕತ್ತಿಯ ಹಿಡಿ ಬೇರೆ ಜಾಗದಲ್ಲಿ ಉಜ್ಜುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮೆತ್ತನೆ ಚರ್ಮದಲ್ಲಿ ಬೊಕ್ಕೆ ಏಳುತ್ತದೆ. "ಇಷ್ಟು ಜಡ್ಡುಗಟ್ಟಿದ ಕೈಗೂ ಬೊಕ್ಕೆನಾ?" ಅಂತ ಅವಳಿಗೇ ಆಶ್ಚರ್ಯವಾಗಲಿ.

ಎರಡು ಕಾಲಂ ಮಾಡಿ: ಸಹಾಯಕ್ಕೆ ಬರುವುದು, ಅಡ್ಡ ಬರುವುದು. ಎರಡರಲ್ಲೂ ಮೂರು ಮೂರು ಇರಲಿ. ಎರಡನೇ ಕಾಲಂ ಖಾಲಿ ಉಳಿಯಿತೆಂದರೆ ನಿಮ್ಮ ನಾಯಕಿ ಹುಟ್ಟಾ ವೀರಳಾಗಿಬಿಟ್ಟಿದ್ದಾಳೆ. ಅಂಥವಳಿಗೆ ಕಲಿಯುವುದಕ್ಕೆ ಏನೂ ಇಲ್ಲ, ನಿಮಗೆ ಬರೆಯುವುದಕ್ಕೂ ಇಲ್ಲ.

ಹಂತ 4: ಗುರುವಿಗೆ ಒಂದು ಕೊರತೆ ಕೊಡಿ

ಬಿಳಿ ಗಡ್ಡ, ಒಗಟಿನ ಮಾತು, ಬಂಡೆ ಮೇಲೆ ಧ್ಯಾನ. ಈ ಗುರು ಸಾಕಾಗಿದೆ.

ಹೊನ್ನಿಗೆ ಕಲಿಸುವವಳು ತಿಮ್ಮಜ್ಜಿ. ಒಂದು ಕಾಲದಲ್ಲಿ ಕೋಟೆಯ ದಿಡ್ಡಿ ಬಾಗಿಲು ಕಾಯುತ್ತಿದ್ದಳು. ಹಳೆಯ ಗಾಯದಿಂದ ಅವಳ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಹಾಗಾಗಿ ಅವಳಿಗೆ ತೋರಿಸಲು ಆಗುವುದು ಸೊಂಟದ ಮಟ್ಟದ ಮತ್ತು ಕೆಳಗಿನ ವರಸೆಗಳು ಮಾತ್ರ. ತಲೆಯ ಮೇಲಿನ ತಡೆಯನ್ನು ಬಾಯಲ್ಲಿ ಹೇಳಬಲ್ಲಳು, ಮಾಡಿ ತೋರಿಸಲಾರಳು.

ಗುರುವಿನ ಕೊರತೆಯೇ ಶಿಷ್ಯೆಯ ಕೊರತೆಯಾಗುತ್ತದೆ. ಹೊನ್ನಿ ಮೊದಲ ನಿಜವಾದ ಕಾದಾಟದಲ್ಲಿ ಸೋಲುವುದು ಮೇಲಿನ ಏಟಿಗೇ. ಕಥೆಗೆ ಬೇಕಾದ ಸೋಲನ್ನು ನೀವು ಹೊರಗಿನಿಂದ ತಂದು ಅಂಟಿಸಬೇಕಾಗಿಲ್ಲ.

ಗುರು ಮಾತಾಡುವ ರೀತಿಯನ್ನೂ ಇಲ್ಲೇ ತೀರ್ಮಾನಿಸಿ. ಗರಡಿಮನೆಯ ಉಸ್ತಾದರು ಭಾಷಣ ಮಾಡುವುದಿಲ್ಲ. "ಮೊಣಕಾಲು," "ಇನ್ನೂ ಕೆಳಗೆ," "ಮತ್ತೆ," ಇಷ್ಟೇ. ಗುರುವಿನ ಮಾತು ಎರಡು ಸಾಲು ದಾಟಿತೆಂದರೆ ಅಲ್ಲಿ ಲೇಖಕರೇ ಮಾತಾಡುತ್ತಿರುವ ಸಾಧ್ಯತೆ ಜಾಸ್ತಿ.

ಹಂತ 5: ಪಾಠಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ

ಮೊದಲು ಕಾಲು, ಆಮೇಲೆ ಕೋಲು, ಆಮೇಲೆ ಮೊಂಡು ಕತ್ತಿ, ಕೊನೆಗೆ ಹರಿತವಾದ ಕತ್ತಿ.

ಕೇರಳದ ಸಮರಕಲೆ ಕಳರಿಪಯಟ್ಟಿನಲ್ಲಿ ಮೊದಲು ಮೈತ್ತಾರಿ, ಅಂದರೆ ಬರೀ ಮೈಯ ಪಳಗಿಕೆ. ನಂತರ ಕೋಲ್ತಾರಿ, ಮರದ ಆಯುಧಗಳು. ಆಮೇಲೆ ಅಂಕತ್ತಾರಿ, ಲೋಹದ ಆಯುಧಗಳು. ಕೊನೆಗೆ ವೆರುಂಕೈ, ಬರಿಗೈ ಕಾಳಗ. ಬರಿಗೈ ಕೊನೆಗೆ ಬರುತ್ತದೆ ಅನ್ನುವುದನ್ನು ಗಮನಿಸಿ, ತುಂಬ ಜನ ಅದನ್ನು ಮೊದಲು ಇಡುತ್ತಾರೆ. ಪ್ರಾಚೀನ ರೋಮಿನ ಹೊಸ ಸೈನಿಕರಿಗೂ ಮೊದಲು ಕೊಡುತ್ತಿದ್ದದ್ದು ಮರದ ಕತ್ತಿ ಮತ್ತು ಹೆಣೆದ ಗುರಾಣಿ. ಎರಡೂ ನಿಜವಾದವುಗಳಿಗಿಂತ ದುಪ್ಪಟ್ಟು ತೂಕ, ಎದುರಿಗೆ ನೆಲದಲ್ಲಿ ಹುಗಿದ ಕಂಬ. ವೆಜಿಷಿಯಸ್ ಎಂಬ ಲೇಖಕ ಇದನ್ನು ಬರೆದಿಟ್ಟಿದ್ದಾನೆ. ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಕತ್ತಿವರಸೆ ಆಟಗಾರ್ತಿ, ಚೆನ್ನೈನ ಭವಾನಿ ದೇವಿಯವರೂ ಶಾಲೆಯಲ್ಲಿ ಬಿದಿರು ಕೋಲಿನಿಂದಲೇ ಶುರು ಮಾಡಿದವರು.

ಕಾಲು ಯಾಕೆ ಮೊದಲು? ನೀವೇ ನೋಡಿ. ಗೆಳತಿಯ ಕೈಗೂ ಒಂದು ಮೂರಡಿ ಕೋಲು ಕೊಡಿ. ಇಬ್ಬರೂ ಎದುರು ಬದುರು ನಿಂತು ಕೈ ಚಾಚಿ, ಕೋಲಿನ ತುದಿಗೆ ತುದಿ ತಾಗಿಸಿ. ನಡುವಿನ ಜಾಗ ಟೇಪಿನಲ್ಲಿ ಅಳೆಯಿರಿ. ಹೆಚ್ಚುಕಮ್ಮಿ ಹತ್ತು ಅಡಿ ಬರುತ್ತದೆ. ಅಲ್ಲಿಂದ ಯಾರ ಮೈಯೂ ಯಾರಿಗೂ ಎಟುಕುವುದಿಲ್ಲ. ಎಟುಕಬೇಕಾದರೆ ಹೆಜ್ಜೆ ಮುಂದಿಡಲೇಬೇಕು. ಹೆಜ್ಜೆ ಇಟ್ಟವಳಿಗೆ ಎದುರಿನವಳೂ ಎಟುಕುತ್ತಾಳೆ, ಎದುರಿನವಳಿಗೆ ಅವಳೂ ಎಟುಕುತ್ತಾಳೆ. ಕತ್ತಿ ಕಾಳಗದ ಹೆದರಿಕೆ ಎಲ್ಲ ಆ ಒಂದು ಹೆಜ್ಜೆಯಲ್ಲಿದೆ. ಇದನ್ನು ಮಾಡಿ ನೋಡಿದವರ ಬರವಣಿಗೆ ಮರುದಿನವೇ ಬದಲಾಗಿದ್ದನ್ನು ಕಂಡಿದ್ದೇನೆ.

ಹಂತ 6: ಒಂದು ಪಾಠ, ಒಂದು ದೃಶ್ಯ

ಈಗ ಬರೆಯುವ ಕೆಲಸ. ಸಾಮಾನ್ಯವಾಗಿ ಬರುವುದು ಹೀಗೆ:

"ತಿಮ್ಮಜ್ಜಿ ಮಿಂಚಿನಂತೆ ಕತ್ತಿ ಬೀಸಿದಳು. ಹೊನ್ನಿ ಚಿರತೆಯಂತೆ ಜಿಗಿದು ತಪ್ಪಿಸಿಕೊಂಡಳು. ಕಣ್ಣು ಮಿಟುಕಿಸುವಷ್ಟರಲ್ಲಿ ಇಬ್ಬರ ಕತ್ತಿಗಳೂ ಕಿಡಿ ಕಾರಿದವು."

ಮಿಂಚು, ಚಿರತೆ, ಕಿಡಿ ಎಲ್ಲ ಇವೆ. ಏನು ನಡೆಯಿತು ಅಂತ ಮಾತ್ರ ಗೊತ್ತಾಗಲಿಲ್ಲ. ಅದೇ ದೃಶ್ಯವನ್ನು ಒಂದು ಪಾಠಕ್ಕೆ ಕಟ್ಟಿಹಾಕಿ ಬರೆದರೆ:

"ಹಿಮ್ಮಡಿ," ಅಂದಳು ತಿಮ್ಮಜ್ಜಿ.

ಹೊನ್ನಿ ಎಡ ಹಿಮ್ಮಡಿಯನ್ನು ನೆಲಕ್ಕೆ ಒತ್ತಿದಳು. ಕೋಲು ಬಲಕ್ಕೆ ಬಂತು. ತಡೆದಳು. ಮತ್ತೆ ಬಲಕ್ಕೆ. ತಡೆದಳು. ಮೂರನೆಯದೂ ಬಲಕ್ಕೇ ಅಂತ ತನ್ನ ಕೋಲನ್ನು ಮೊದಲೇ ಅತ್ತ ಒಯ್ದಳು. ಏಟು ಎಡ ಮೊಣಕಾಲಿಗೆ ಬಿತ್ತು.

"ಬಲಕ್ಕೇ ಬರುತ್ತೆ ಅಂತ ಯಾರು ಹೇಳಿದ್ರೇ ನಿಂಗೆ?"

"ಎರಡು ಸಲ ಬಂತಲ್ಲ ಅಜ್ಜಿ."

"ಎರಡು ಅಲೆ ಒಂದೇ ಕಡೆಯಿಂದ ಬಂದ್ರೆ ಮೂರನೇದಕ್ಕೆ ಮೊದಲೇ ಹುಟ್ಟು ಇಡ್ತೀಯಾ ಹೊಳೇಲಿ?"

ಹೊನ್ನಿ ಮೊಣಕಾಲು ಉಜ್ಜಿಕೊಂಡಳು. ಇಡುವುದಿಲ್ಲ. ಹೊಳೆಯಲ್ಲಿ ಅವಳು ಅಲೆಯನ್ನು ನೋಡುವುದೇ ಇಲ್ಲ. ದೋಣಿಯ ತಳ ಅಂಗಾಲಿಗೆ ಹೇಳುತ್ತದೆ.

"ಇನ್ನೊಂದು ಸಲ," ಅಂದಳು.

ಇಲ್ಲಿ ಏಟುಗಳು ಮೂರೇ. ಪ್ರತಿಯೊಂದೂ ಎಲ್ಲಿಗೆ ಬಿತ್ತು ಅಂತ ಗೊತ್ತು. ಅವಳ ತಪ್ಪು ದಡ್ಡತನದ್ದಲ್ಲ, ಬುದ್ಧಿವಂತಿಕೆಯದ್ದು. ಅವಳು ಲೆಕ್ಕ ಹಾಕಿದಳು, ಲೆಕ್ಕ ತಪ್ಪಿತು. ಪಾಠ ಅವಳ ಹಳೆಯ ಬದುಕಿಗೆ ತಗುಲಿಕೊಂಡಿತು, ಕೊನೆಯ ಕಾದಾಟಕ್ಕೆ ಬೇಕಾದ ಅಂಗಾಲಿನ ಮಾತು ಸದ್ದಿಲ್ಲದೆ ಒಳಗೆ ಬಂತು. ಅವಳು ಪೂರ್ತಿ ಕಲಿಯುವ ಮೊದಲೇ ದೃಶ್ಯ ಮುಗಿಯಿತು. ಕಲಿತುಬಿಟ್ಟಳು ಅಂತ ತೋರಿಸಿ ಮುಗಿಸಿದ್ದರೆ ಮುಂದಿನ ಪುಟಕ್ಕೆ ಹೋಗುವ ಆಸೆಯೇ ಇರುತ್ತಿರಲಿಲ್ಲ.

ಬರೆದ ಮೇಲೆ ಗೆಳತಿಗೆ ದೃಶ್ಯ ಓದಿ ಹೇಳಿ, ನೀವಿಬ್ಬರೂ ಕೋಲು ಹಿಡಿದು ನಿಧಾನವಾಗಿ ಅದೇ ಮಾಡಿ. ಫೋನಿನಲ್ಲಿ ತೆಗೆದುಕೊಳ್ಳಿ. "ಬಲಗೈಯಲ್ಲಿ ಕತ್ತಿ ಇದೆ ಅಂದ್ರಲ್ಲ, ಹಾಗಾದರೆ ಬಲಗೈಯಲ್ಲೇ ಅವಳ ಜುಟ್ಟು ಹಿಡಿದದ್ದು ಹೇಗೆ?" ಅನ್ನುವಂಥ ಪ್ರಶ್ನೆ ಆಗಲೇ ಬರುವುದು.

ಹಂತ 7: ನೋವಿನ ಲೆಕ್ಕ ಇಡಿ

ಬೊಕ್ಕೆ ಮೊದಲ ದಿನವೇ ಏಳುತ್ತದೆ. ಮೈಕೈ ನೋವು ಮರುದಿನಕ್ಕಿಂತ ಅದರ ಮರುದಿನ ಜಾಸ್ತಿ ಇರಬಹುದು. ಹೊಸ ಜಾಗದಲ್ಲಿ ಜಡ್ಡುಗಟ್ಟಲು ವಾರಗಳು ಬೇಕು. ಮುರಿದ ಮೂಳೆ ಕೂಡಲು ಆರು ವಾರ ಅಂದರೆ ಕಡಿಮೆ ಲೆಕ್ಕ. ಬೆರಳಿನ ಗೆಣ್ಣಿಗೆ ಕೋಲಿನ ಏಟು ಬಿದ್ದವಳಿಗೆ ಅವತ್ತು ರಾತ್ರಿ ಮುದ್ದೆ ಮುರಿಯುವುದೂ ಕಷ್ಟ. ಇಂಥದ್ದನ್ನು ಬರೆಯಿರಿ. "ನೋವನ್ನು ಲೆಕ್ಕಿಸದೆ" ಅನ್ನುವ ಮಾತು ಕಂಡರೆ ಹೊಡೆದುಹಾಕಿ.

ನೋಟ್‌ಬುಕ್ಕಿನಲ್ಲಿ ಒಂದು ಪುಟ ಇದಕ್ಕೇ ಇರಲಿ: ಯಾವ ದಿನ, ಎಲ್ಲಿ ಗಾಯ, ಯಾವಾಗ ವಾಸಿ. ಎಡ ಭುಜಕ್ಕೆ ಬಾಣ ನಾಟಿದವಳು ಮೂರು ದಿನಕ್ಕೆ ಅದೇ ತೋಳಿನಲ್ಲಿ ಗೋಡೆ ಹತ್ತುವುದು ಇದರಿಂದ ತಪ್ಪುತ್ತದೆ.

ಹಂತ 8: ಮೊದಲ ನಿಜವಾದ ಕಾದಾಟ ಚಿಕ್ಕದಾಗಿರಲಿ

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭವಾನಿ ದೇವಿಯವರು ಮೊದಲ ಪಂದ್ಯವನ್ನು 15-3ರಿಂದ ಗೆದ್ದರು. ಅವರು ಆಡುವ ಕತ್ತಿವರಸೆಯ ಪ್ರಕಾರಕ್ಕೆ ಸೇಬರ್ ಅನ್ನುತ್ತಾರೆ, ಅಂಥ ಪಂದ್ಯದ ಯಾವುದಾದರೂ ವಿಡಿಯೋ ಹಾಕಿ ನೋಡಿ. ಒಂದೊಂದು ಪಾಯಿಂಟೂ ಎಷ್ಟು ಬೇಗ ಮುಗಿಯುತ್ತದೆ ಅಂತ ಎಣಿಸಿ. ಕ್ರೀಡೆ ಬೇರೆ, ಸಾವಿನ ಕಾಳಗ ಬೇರೆ, ನಿಜ. ಆದರೂ ಹತ್ತು ಪುಟ ಕತ್ತಿಗೆ ಕತ್ತಿ ತಾಗಿಸುತ್ತಾ ಮಾತಾಡುವುದು ನಾಟಕದಲ್ಲಿ ಮಾತ್ರ.

ಕಾದಾಟಕ್ಕೆ ಅರ್ಧ ಪುಟ, ಅದರ ಮುಂಚಿನ ಕಾಯುವಿಕೆಗೆ ಎರಡು ಪುಟ, ಆಮೇಲಿನದಕ್ಕೆ ಮೂರು ಪುಟ ಕೊಡಿ. ಮುಗಿದ ಮೇಲೆ ಕೈ ನಡುಗುತ್ತದೆ. ಬಾಯಾರುತ್ತದೆ. ಕತ್ತಿಯನ್ನು ಒರೆಗೆ ಹಾಕಲು ಹೋದರೆ ಬಾಯಿ ಸಿಗುವುದಿಲ್ಲ. ರಕ್ತ, ಬೆವರು ಒರೆಸದೆ ಹಾಗೇ ಒರೆಗೆ ಸೇರಿಸಿದರೆ ತುಕ್ಕು ಹಿಡಿಯುತ್ತದೆ ಅಂತ ತಿಮ್ಮಜ್ಜಿ ನೂರು ಸಲ ಹೇಳಿದ್ದಾಳೆ. ನಡುಗುವ ಕೈಯಲ್ಲಿ ಸೆರಗಿನಿಂದ ಅಲಗು ಒರೆಸುತ್ತಾ ಕೂತವಳನ್ನು ತೋರಿಸಿ. ಗೆದ್ದಳೋ ಸೋತಳೋ ಅನ್ನುವುದಕ್ಕಿಂತ ಓದುಗನಿಗೆ ಇದು ನೆನಪಿರುತ್ತದೆ.

ಹಂತ 9: ಕಾಲ ಕಳೆದದ್ದನ್ನು ವಸ್ತುಗಳಿಂದ ಹೇಳಿ

"ಆರು ತಿಂಗಳು ಕಳೆದವು" ಬದಲಿಗೆ ಏನು ಬರೆಯುವುದು? ಮೂರು ಕೋಲು ಮುರಿದವು. ಹಿಡಿಗೆ ಸುತ್ತಿದ ದಾರವನ್ನು ಎರಡು ಸಲ ಬದಲಿಸಿದಳು. ತಾಲೀಮಿನ ಅಂಗಳದಲ್ಲಿ ಅವಳ ಎಡಗಾಲು ತಿರುಗುವ ಜಾಗದಲ್ಲಿ ಒಂದು ಗುಳಿ ಬಿತ್ತು, ಮಳೆಗಾಲದಲ್ಲಿ ಅದರಲ್ಲಿ ನೀರು ನಿಂತಿತು. ಒಂದೇ ಪ್ಯಾರಾದಲ್ಲಿ ಇಷ್ಟು ಹೇಳಿದರೆ ಕಾಲವೂ ಹೋಯಿತು, ದುಡಿಮೆಯೂ ಕಂಡಿತು.

ಪದೇ ಪದೇ ಆಗುವ ತಪ್ಪುಗಳು

ಚರ್ಮದ ಒರೆಯಿಂದ ಕತ್ತಿ ಎಳೆದರೆ "ಝಣ್" ಅನ್ನುವುದಿಲ್ಲ. ಅದು ಸಿನಿಮಾದ ಸದ್ದು.

ಬೆನ್ನಿಗೆ ಕಟ್ಟಿದ ಉದ್ದ ಕತ್ತಿಯನ್ನು ಹೆಗಲ ಮೇಲಿಂದ ಸರಕ್ಕನೆ ಎಳೆಯಲು ಆಗುವುದಿಲ್ಲ, ತೋಳಿನ ಉದ್ದ ಸಾಲದು. ಕೋಲನ್ನು ಬೆನ್ನಿಗೆ ಕಟ್ಟಿಕೊಂಡು ಒಮ್ಮೆ ಪ್ರಯತ್ನಿಸಿ.

ಅಲಗಿನ ಉದ್ದಕ್ಕೂ ಇರುವ ತೋಡು ರಕ್ತ ಹರಿಯಲಿಕ್ಕೆ ಅಂತ ಎಲ್ಲರೂ ಬರೆಯುತ್ತಾರೆ. ಅದು ಇರುವುದು ಬಲ ಕಡಿಮೆಯಾಗದಂತೆ ತೂಕ ಇಳಿಸಲಿಕ್ಕೆ.

ಮಾಟದ ಕತ್ತಿ ಕೊಟ್ಟು ಕಲಿಕೆಯನ್ನೇ ಹಾರಿಸುವುದು ಇನ್ನೊಂದು. ಮಾಟ ಇರಲಿ, ಆದರೆ ಹೆಜ್ಜೆ ಇಡುವುದು ಅವಳ ಕಾಲೇ ಆಗಿರಲಿ.

ದೊಡ್ಡ ತಪ್ಪು ಬೇರೆ ಇದೆ. ಪ್ರತಿ ಅಧ್ಯಾಯದಲ್ಲೂ ಒಬ್ಬ ಬಂದು "ಹೆಣ್ಣಿಗೆ ಯಾಕೆ ಕತ್ತಿ?" ಅನ್ನುತ್ತಾನೆ, ಅವಳು ಅವನನ್ನು ಕೆಡವುತ್ತಾಳೆ. ಒಂದು ಸಲ ಸರಿ, ಐದು ಸಲ ಬೇಸರ. ಕಿತ್ತೂರು ಚೆನ್ನಮ್ಮ 1824ರಲ್ಲಿ ಕಂಪನಿ ಸೈನ್ಯದ ಎದುರು ನಿಂತ ನಾಡು ನಮ್ಮದು. ಕೇರಳದ ವಡಕರದಲ್ಲಿ ಕಳರಿ ಕಲಿಸುವ ಮೀನಾಕ್ಷಿ ಅಮ್ಮನವರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಹೆಣ್ಣು ಕತ್ತಿ ಹಿಡಿದದ್ದೇ ಸುದ್ದಿ ಅನ್ನುವ ಹಾಗೆ ಬರೆದರೆ ಅವಳು ಅದನ್ನು ಹೇಗೆ ಹಿಡಿದಳು ಅನ್ನುವುದು ಮರೆಯಾಗುತ್ತದೆ. ನೀವು ಕಟ್ಟಿದ ಲೋಕದ ಕಟ್ಟುಪಾಡು ನಿಮ್ಮ ಕೈಯಲ್ಲೇ ಇದೆ. ಅಲ್ಲಿ ಕೋಟೆ ಬಾಗಿಲು ಕಾಯುವವರೆಲ್ಲ ಹೆಂಗಸರೇ ಆಗಿರಬಹುದಲ್ಲ.

ಕೆಡುತ್ತಿದೆ ಅನ್ನುವುದರ ಗುರುತುಗಳು

ಹಸ್ತಪ್ರತಿಯಲ್ಲಿ "ಮಿಂಚಿನ ವೇಗ", "ಚಂಗನೆ", "ಕಣ್ಣು ಮಿಟುಕಿಸುವಷ್ಟರಲ್ಲಿ" ಅಂತ ಹುಡುಕಿ. ಒಂದು ಅಧ್ಯಾಯದಲ್ಲಿ ಮೂರಕ್ಕಿಂತ ಜಾಸ್ತಿ ಸಿಕ್ಕಿದರೆ ಆ ಕಾದಾಟ ನಿಮ್ಮ ಕಣ್ಣಿಗೇ ಕಂಡಿಲ್ಲ. ಸತತ ಎರಡು ಅಧ್ಯಾಯ ಅವಳು ಏನನ್ನೂ ತಪ್ಪು ಮಾಡದಿದ್ದರೆ ನಿಲ್ಲಿಸಿ, ಹಂತ 3ರ ಎರಡನೇ ಕಾಲಂ ತೆಗೆಯಿರಿ. ತಾಲೀಮಿನ ದೃಶ್ಯವೊಂದನ್ನು ಕಿತ್ತು ಪಕ್ಕಕ್ಕಿಟ್ಟರೂ ಕೊನೆಯ ಕಾದಾಟಕ್ಕೆ ಏನೂ ಆಗದಿದ್ದರೆ, ಅದು ಎಷ್ಟೇ ಚಂದ ಇರಲಿ, ಪಕ್ಕದಲ್ಲೇ ಇರಲಿ.

ಹಂತ 10: ಕೊನೆಯ ಕಾದಾಟವನ್ನು ಮತ್ತೆ ಬರೆಯಿರಿ

ಹಂತ 1ರಲ್ಲಿ ಬರೆದ ಆ ಎರಡು ಒರಟು ಪುಟಗಳನ್ನು ಈಗ ತೆಗೆಯಿರಿ. ಓದಬೇಡಿ, ಮಗುಚಿ ಇಟ್ಟು ಹೊಸದಾಗಿ ಬರೆಯಿರಿ. ಈಗ ನಿಮಗೆ ಹೊನ್ನಿಯ ಯಾವ ಮೊಣಕಾಲಿಗೆ ಏಟು ಬಿದ್ದಿತ್ತು ಅಂತ ಗೊತ್ತು. ತಿಮ್ಮಜ್ಜಿಯ ಕೈ ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಅಂತಲೂ ಗೊತ್ತು. ಆಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಹೊಸದರಲ್ಲಿ ಏಟುಗಳು ಕಡಿಮೆಯಾಗಿ, ಕಾಲಿನ ಮಾತು ಜಾಸ್ತಿಯಾಗಿದ್ದರೆ ಹಳೆಯದನ್ನು ಹರಿದುಹಾಕಬಹುದು. ಹಾಗಾಗದಿದ್ದರೆ ಕೋಲು ತೆಗೆದುಕೊಂಡು ಮತ್ತೆ ಬಯಲಿಗೆ ಹೋಗಿ.